ಚರ್ಚಿನ ಹಳೇ ಗಂಟೆ ಮತ್ತೆ ಸರಿಯಾಗಿ ನುಡಿಯಬೇಕಾದರೆ: ಗೋಪುರ ಹತ್ತುವುದರಿಂದ ಹಗ್ಗ ಎಳೆಯುವವರೆಗೆ

ಕೋಲಾರ, ಮಾಲೂರು, ಚಿಂತಾಮಣಿ ಕಡೆಯಿಂದ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಅಣ್ಣಾ, ಗಂಟೆ ರಿಪೇರಿ ಮಾಡಿಸಿದ್ವಿ. ಪಾಲಿಶ್ ಆಯ್ತು, ಹೊಸ ನಾಲಿಗೆ ಆಯ್ತು, ಹೊಸ ಹಗ್ಗ ಆಯ್ತು. ಈಗ ತಗಡು ಬಡಿದ ಹಾಗೆ ಕೇಳಿಸ್ತಿದೆ." ಹೋಗಿ ನೋಡಿದರೆ ಕೆಲಸವೇನೋ ಆಗಿರುತ್ತದೆ, ಆದರೆ ಹಿಂದುಮುಂದಾಗಿ ಆಗಿರುತ್ತದೆ. ಮೊದಲು ಮಾಡಬೇಕಾದ ಪರೀಕ್ಷೆಯನ್ನು ಯಾರೂ ಮಾಡಿರುವುದಿಲ್ಲ. ಕೊನೆಗೆ ಬೇಕಿದ್ದರೆ ಮಾಡಬಹುದಾದ ಪಾಲಿಶ್ ಮೊದಲೇ ಮುಗಿದಿರುತ್ತದೆ.

ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ದನಿ ಕೆಟ್ಟ ಗಂಟೆಗಳಲ್ಲಿ ಬಹುಪಾಲು ಗಂಟೆಗಳಿಗೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಅದರ ಸುತ್ತ ಇರುವ ಕಬ್ಬಿಣ, ಮರ, ಹಗ್ಗ. ನಾವು ಸುತ್ತಲಿನದನ್ನು ಬಿಟ್ಟು ಗಂಟೆಗೇ ಕೈ ಹಾಕುತ್ತೇವೆ. ನೂರು ವರ್ಷ ಬಾಳಿದ ಗಂಟೆ ಒಂದು ಮಧ್ಯಾಹ್ನದ ವೆಲ್ಡಿಂಗಿಗೆ ಸತ್ತುಹೋಗುತ್ತದೆ. ಅದಕ್ಕೇ ಈ ಬರಹದಲ್ಲಿ ಕ್ರಮಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ದಯವಿಟ್ಟು ಹಂತ ಹಾರಿಸಬೇಡಿ.

## 1. ಮೊದಲು ಗಂಟೆ ಹೊಡೆಯುವುದನ್ನು ನಿಲ್ಲಿಸಿ

ದನಿ ಬದಲಾಗಿದೆ ಅನ್ನಿಸಿದ ದಿನವೇ ಹಗ್ಗ ಮೇಲೆ ಕಟ್ಟಿಬಿಡಿ. "ಭಾನುವಾರದ ಪೂಜೆಗೆ ಒಂದು ಸಲ ಮಾತ್ರ" ಅನ್ನುವುದೂ ಬೇಡ. ಕೂದಲೆಳೆಯಷ್ಟು ಬಿರುಕಿದ್ದರೆ ಒಂದೊಂದು ಬಡಿತಕ್ಕೂ ಅದು ಮುಂದೆ ಓಡುತ್ತದೆ. ಎರಡು ಇಂಚಿನ ಬಿರುಕಿಗೆ ಏನಾದರೂ ದಾರಿ ಇರಬಹುದು, ಒಂದು ಅಡಿಯದ್ದಾದರೆ ದಾರಿ ತುಂಬಾ ಕಿರಿದು.

ಆಮೇಲೆ ಅನುಮತಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯ ಕಥೋಲಿಕ ಚರ್ಚುಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದವು. ಹಳೇ ಗಂಟೆ ಇಳಿಸುವುದಿದ್ದರೆ ಫಾದರ್ ಒಬ್ಬರ ಒಪ್ಪಿಗೆ ಸಾಲದು, ಅಲ್ಲಿಂದಲೂ ಬರಹದಲ್ಲಿ ತರಿಸಿಕೊಳ್ಳಿ. ಸಿಎಸ್‌ಐ, ಮೆಥಡಿಸ್ಟ್ ಚರ್ಚಾದರೆ ಅವರವರ ಮೇಲಿನ ಕಚೇರಿ. ಇದು ಕಾಗದದ ಶಾಸ್ತ್ರ ಅಲ್ಲ. ನಾಳೆ ಗಂಟೆ ಒಡೆದರೆ, ಅಥವಾ ವರ್ಕ್‌ಶಾಪಿನಿಂದ ವಾಪಸ್ ಬರದೇ ಹೋದರೆ, ಊರವರ ಎದುರು ನಿಲ್ಲಬೇಕಾದವರು ನೀವೇ ಅಲ್ವಾ.

ಯಾವಾಗ ಮಾಡಬೇಕು? ನಮ್ಮ ಕಡೆ ಆಷಾಢದ ಗಾಳಿಯಲ್ಲಿ ಗೋಪುರದ ಮೇಲೆ ಕೆಲಸ ಮಾಡುವುದು ಕಷ್ಟ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆ. ಕ್ರಿಸ್ಮಸ್ ಮುಗಿಸಿಕೊಂಡು ಜನವರಿಯಲ್ಲಿ ಪರೀಕ್ಷೆ ಮಾಡಿ, ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಗಂಟೆ ಇಳಿಸಿದರೆ ಚೆನ್ನ. ಪವಿತ್ರ ಗುರುವಾರದ ಪೂಜೆಯಿಂದ ಪಾಸ್ಕ ಜಾಗರಣೆಯವರೆಗೆ (ಈಸ್ಟರ್ ಹಿಂದಿನ ರಾತ್ರಿಯ ಪೂಜೆ) ಕಥೋಲಿಕ ಚರ್ಚುಗಳಲ್ಲಿ ಹೇಗೂ ಗಂಟೆ ಹೊಡೆಯುವುದಿಲ್ಲ. ಜಾಗರಣೆಯ ರಾತ್ರಿ ಮತ್ತೆ ನುಡಿಯಬೇಕು ಅಂತ ಗುರಿ ಇಟ್ಟುಕೊಳ್ಳಿ. ಆದರೆ ಕೆಲಸ ಮುಗಿದಿಲ್ಲದಿದ್ದರೆ ಆ ರಾತ್ರಿಗೋಸ್ಕರ ಅವಸರ ಮಾಡಬೇಡಿ.

## 2. ಗೋಪುರ ಹತ್ತುವ ಮುಂಚೆ

ಕೆಳಗಿನಿಂದ ದುರ್ಬೀನಿನಲ್ಲಿ ನೋಡಿ. ಹೆಜ್ಜೇನು ಕಟ್ಟಿದೆಯಾ? ಇದ್ದರೆ ಅವತ್ತು ಹತ್ತುವ ಮಾತೇ ಇಲ್ಲ. ಹೆಜ್ಜೇನಿಗೆ ಸದ್ದು, ಅಲುಗಾಟ ಆಗುವುದಿಲ್ಲ. ಏಣಿಯ ಮೇಲೆ ನಿಂತಾಗ ಎದ್ದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಜೇನು ತೆಗೆಯುವ ಅನುಭವಸ್ಥರನ್ನು ಕರೆಸಿ, ಅವರು ಹೇಳಿದ ಹೊತ್ತಿಗೆ ಮಾಡಿಸಿ. ಒಣಗಿದ ಮರದ ಗೋಪುರದೊಳಗೆ ಪಂಜು ಹಚ್ಚಲು ಮಾತ್ರ ಬಿಡಬೇಡಿ.

ಬಾವಲಿ, ಪಾರಿವಾಳದ ಹಿಕ್ಕೆ ಮೊಣಕಾಲುದ್ದ ಸೇರಿರುವ ಗೋಪುರಗಳಿವೆ. ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಸೋಂಕು ತರುತ್ತದೆ. ಎನ್95 ಮಾಸ್ಕ್ ಹಾಕಿಕೊಳ್ಳಿ, ಮೊದಲು ನೀರು ಚಿಮುಕಿಸಿ, ಆಮೇಲೆ ಮೋಟು ಸಲಿಕೆಯಲ್ಲಿ ಗೋಣಿಚೀಲಕ್ಕೆ ತುಂಬಿ. ಪೊರಕೆ ಹಿಡಿದು ಒಣಗುಡಿಸಬೇಡಿ. ಹಿಕ್ಕೆ ತೆಗೆದ ಮೇಲೇ ಕಾಲಿಡುವ ಹಲಗೆ ಗಟ್ಟಿ ಇದೆಯೋ ಇಲ್ಲವೋ ಗೊತ್ತಾಗುವುದು. ಒಂದೊಂದು ಹಲಗೆಗೂ ದಪ್ಪ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮರ ಬೆಣ್ಣೆಯ ಹಾಗೆ ಬಿಟ್ಟುಕೊಟ್ಟರೆ ಅದು ಗೆದ್ದಲಿನ ಮನೆ.

ಈ ಹಂತಕ್ಕೆ ಬೇಕಾಗುವ ಸಾಮಾನು ಕಡಿಮೆ: ಸೊಂಟಕ್ಕೆ ಸೇಫ್ಟಿ ಬೆಲ್ಟು, ಹೆಲ್ಮೆಟ್, ಒಳ್ಳೇ ಟಾರ್ಚು, ಟೇಪು, ಕ್ಯಾಲಿಪರ್, ಅಯಸ್ಕಾಂತದ ತುಂಡು, ಮರದ ಸುತ್ತಿಗೆ, ಸೀಮೆಎಣ್ಣೆ, ಸೀಮೆಸುಣ್ಣದ ಪುಡಿ, ಮೊಬೈಲು. ಜೊತೆಗೆ ಇನ್ನೊಬ್ಬರು ಇರಲೇಬೇಕು. ಹಗ್ಗದ ತುದಿ ಕೆಳಗೆ ಯಾರ ಕೈಗೂ ಸಿಗದ ಹಾಗೆ ಮೇಲಕ್ಕೆ ಎಳೆದುಕೊಳ್ಳಿ. ನೀವು ಗಂಟೆಯೊಳಗೆ ತಲೆ ಹಾಕಿರುವಾಗ ಕೆಳಗಡೆ ಮಗುವೊಂದು ಹಗ್ಗ ಜಗ್ಗಬಾರದು.

## 3. ಯಾವ ಲೋಹ, ಎಷ್ಟು ತೂಕ, ಏನು ಬರೆದಿದೆ

ಅಯಸ್ಕಾಂತ ಹಚ್ಚಿ ನೋಡಿ. ಅಂಟಿದರೆ ಉಕ್ಕಿನ ಗಂಟೆ. 19ನೇ ಶತಮಾನದ ನಡುವಿನಿಂದ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಬೋಕುಮ್ ಊರುಗಳಲ್ಲಿ ಉಕ್ಕಿನ ಗಂಟೆ ಎರಕ ಹೊಯ್ಯುತ್ತಿದ್ದರು. ಕಂಚಿಗಿಂತ ಅಗ್ಗ ಅಂತ ಎಷ್ಟೋ ಚರ್ಚುಗಳು ಅದನ್ನೇ ತರಿಸಿಕೊಂಡವು. ಅಂಟದಿದ್ದರೆ ಕಂಚು: ನೂರಕ್ಕೆ 77ರಿಂದ 80 ಭಾಗ ತಾಮ್ರ, ಉಳಿದದ್ದು ತವರ. ತವರ ಇಷ್ಟು ಇರುವುದರಿಂದಲೇ ಅದಕ್ಕೆ ಆ ನಾದ, ಅದರಿಂದಲೇ ಗಾಜಿನಂಥ ಸ್ವಭಾವ ಕೂಡ. ಬಗ್ಗುವುದಿಲ್ಲ, ಸೀಳುತ್ತದೆ. ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ ಉಕ್ಕಿನ ಗಂಟೆಗೆ ತುಕ್ಕು ಕೆರೆದು ತೆಳುವಾಗಿ ಬಣ್ಣ ಹೊಡೆಯಬೇಕು, ಕಂಚಿನ ಗಂಟೆಗೆ ಬಣ್ಣ ಹೊಡೆಯಲೇಬಾರದು.

ಬಾಯಿಯ ಅಗಲ ಅಳೆಯಿರಿ. ಕಂಚಿನ ಗಂಟೆಯ ತೂಕ ಅಂದಾಜು ಮಾಡಲು ಸುಲಭದ ಲೆಕ್ಕ ಒಂದಿದೆ. ಅಗಲವನ್ನು ಮೀಟರಿನಲ್ಲಿ ಮೂರು ಸಲ ಬರೆದುಕೊಂಡು ಒಂದಕ್ಕೊಂದು ಗುಣಿಸಿ, ಬಂದದ್ದನ್ನು 600ರಿಂದ ಗುಣಿಸಿ. 75 ಸೆಂಟಿಮೀಟರ್ ಬಾಯಿ ಇದ್ದರೆ 0.75 × 0.75 × 0.75 × 600, ಅಂದರೆ ಸುಮಾರು 250 ಕಿಲೋ. ಒಂದು ಮೀಟರ್ ಬಾಯಿಯ ಗಂಟೆ 600 ಕಿಲೋ. ದಪ್ಪ ಎರಕ ಇದ್ದರೆ ಇನ್ನೂ ಜಾಸ್ತಿ ತೂಗಬಹುದು, ಅದಕ್ಕೇ ಎತ್ತುವ ಸಾಮಾನನ್ನು ಈ ಲೆಕ್ಕದ ಎರಡರಷ್ಟಕ್ಕಾದರೂ ಆರಿಸಿ. "ಚಿಕ್ಕ ಗಂಟೆ, ನಾಲ್ಕು ಜನ ಎತ್ತಿಬಿಡ್ತೀವಿ" ಅನ್ನುವವರು ಈ ಲೆಕ್ಕ ನೋಡಿದ ಮೇಲೆ ಸುಮ್ಮನಾಗುತ್ತಾರೆ.

ಬರಹವನ್ನು ಓದಲು ಟಾರ್ಚನ್ನು ನೇರ ಹಿಡಿಯಬೇಡಿ. ಗಂಟೆಯ ಮೈಗೆ ತಾಗಿಸಿ ಓರೆಯಾಗಿ ಹಿಡಿಯಿರಿ. ಸವೆದು ಹೋಗಿದೆ ಅಂದುಕೊಂಡ ಅಕ್ಷರ ನೆರಳು ಬಿದ್ದು ಎದ್ದು ಕಾಣುತ್ತದೆ. ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಅಡ್ಡಡ್ಡ ಉಜ್ಜಿದರೂ ಬರುತ್ತದೆ. ಹಳೇ ಮೈಸೂರು ಸೀಮೆಯ ಕಥೋಲಿಕ ಚರ್ಚುಗಳಲ್ಲಿ ಪ್ಯಾರಿಸ್ ಮಿಷನ್ನಿನ ಗುರುಗಳು ಇದ್ದದ್ದರಿಂದ ಫ್ರೆಂಚ್, ಲ್ಯಾಟಿನ್ ಬರಹ ಸಿಗುವುದು ಅಪರೂಪವೇನಲ್ಲ. ಲ್ಯಾಟಿನ್ನಿನಲ್ಲಿ "ಮೆ ಫೆಚಿತ್" ಅಂತಿದ್ದರೆ "ನನ್ನನ್ನು ಮಾಡಿದವರು" ಅಂತ ಅರ್ಥ, ಪಕ್ಕದಲ್ಲಿರುವುದು ಎರಕದವರ ಹೆಸರು. ಗಂಟೆಯೇ ಮಾತಾಡುವ ಹಾಗೆ ಬರೆಯುತ್ತಿದ್ದರು. ರೋಮನ್ ಅಂಕಿ ಎಂ, ಡಿ, ಆಮೇಲೆ ಮೂರು ಸಿ ಅಂತ ಶುರುವಾದರೆ ಅದು 1800ರ ಮೇಲಿನದ್ದು. ಎಲ್ಲಾ ಕಡೆಯಿಂದ ಫೋಟೋ ತೆಗೆದಿಡಿ. ಮುಂದೆ ಕಳವಾದರೆ ಇದು ನಮ್ಮದೇ ಗಂಟೆ ಅಂತ ತೋರಿಸಲು ಈ ಬರಹ, ಈ ಫೋಟೋಗಳೇ ಆಧಾರ.

## 4. ಕಿವಿಗೊಟ್ಟು ಕೇಳಿ

ನಾಲಿಗೆಯನ್ನು ಬಟ್ಟೆ ಸುತ್ತಿ ಒಂದು ಬದಿಗೆ ಕಟ್ಟಿ, ಲೋಹಕ್ಕೆ ತಾಗದ ಹಾಗೆ. ಗಂಟೆಯ ಬಾಯಿಯ ಹತ್ತಿರ ಉಬ್ಬಿಕೊಂಡಿರುವ ದಪ್ಪ ಅಂಚಿಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಾಗಿಲು ತಟ್ಟುವಷ್ಟು ಜೋರು ಸಾಕು. ಸುತ್ತಲೂ ಎಂಟು ಕಡೆ ತಟ್ಟುತ್ತಾ ಬನ್ನಿ, ಒಂದೊಂದನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನಾದ ಪೂರ್ತಿ ಇಂಗುವ ತನಕ ಕಾದು.

ಗಟ್ಟಿಯಿರುವ ಗಂಟೆ ಮೆಲ್ಲಗೆ ತಟ್ಟಿದರೂ ಉದ್ದಕ್ಕೆ ಹಾಡುತ್ತದೆ. ಮೇಲಿನ ಸ್ವರ ಮೊದಲು ಸಾಯುತ್ತದೆ, ಕೆಳಗಿನ ಗುಂಯ್ ಅನ್ನುವ ಸ್ವರ ಕೊನೆಯವರೆಗೂ ಉಳಿಯುತ್ತದೆ. ಬಿರುಕಿದ್ದರೆ ನಾದ ಬೇಗ ಕಡಿದುಹೋಗುತ್ತದೆ, ಜೊತೆಗೆ ಹರಿದ ಕಾಗದ ಅದುರುವಂಥ ಝರ್ ಸದ್ದು ಬರುತ್ತದೆ.

ಆದರೆ ಝರ್ ಅಂದ ಕೂಡಲೇ ಬಿರುಕು ಅಂತ ತೀರ್ಮಾನಿಸಬೇಡಿ. ಜನ ಜಾಸ್ತಿ ಎಡವುವುದು ಇಲ್ಲಿಯೇ. ಸಡಿಲವಾದ ನಟ್ಟು, ಗಂಟೆಗೆ ತಾಗಿರುವ ತಂತಿ, ತಲೆಯ ಮೇಲೆ ಕಟ್ಟಿದ ಹಕ್ಕಿ ಗೂಡಿನ ಕಡ್ಡಿ, ಯಾವುದೋ ಕಾಲದಲ್ಲಿ ಬಿಗಿದ ಲೈಟಿನ ಕ್ಲಾಂಪು, ಇವೆಲ್ಲ ಅದೇ ಸದ್ದು ಕೊಡುತ್ತವೆ. ಬಂಗಾರಪೇಟೆ ಕಡೆಯ ಒಂದು ಚರ್ಚಿನಲ್ಲಿ "ಒಡೆದ ಗಂಟೆ" ಅಂತ ಮೂರು ವರ್ಷ ಸುಮ್ನೆ ಬಿಟ್ಟಿದ್ದರು. ನಾಲಿಗೆಯ ಕೊಂಡಿಯಲ್ಲಿ ಸಿಕ್ಕಿಕೊಂಡಿದ್ದ ಸೀರಿಯಲ್ ಸೆಟ್ಟಿನ ವೈರು ಬಿಚ್ಚಿದೆವು. ತಟ್ಟಿದೆ. ಕೆಳಗೆ ನಿಂತಿದ್ದ ವಯಸ್ಸಾದ ಅಮ್ಮ ಒಬ್ಬರು ಅಲ್ಲೇ ಶಿಲುಬೆಯ ಗುರುತು ಹಾಕಿಕೊಂಡರು. ಅವತ್ತಿನ ಕೆಲಸ ಅಷ್ಟೇ, ಖರ್ಚು ಏನೂ ಇಲ್ಲ.

## 5. ಬಿರುಕು ಹುಡುಕುವುದು

ವರ್ಕ್‌ಶಾಪಿನವರ ಹಳೇ ಉಪಾಯ ಇದು. ಅನುಮಾನ ಇರುವ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಪೂರ್ತಿ ಒರೆಸಿ ತೆಗೆದು ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೆಲ್ಲಗೆ ಜಿನುಗಿ ಬಿಳಿಯ ಮೇಲೆ ಕಪ್ಪುಗೆರೆ ಮೂಡುತ್ತದೆ. ಕಣ್ಣೆದುರೇ ಒಂದು ಇರುವೆ ಸಾಲು ಹೊರಟ ಹಾಗೆ ಕಾಣುತ್ತದೆ. ಕೈಗಾರಿಕಾ ಸಾಮಾನಿನ ಅಂಗಡಿಯಲ್ಲಿ ಡೈ ಪೆನೆಟ್ರಂಟ್ ಅಂತ ಸ್ಪ್ರೇ ಡಬ್ಬಿಗಳೂ ಸಿಗುತ್ತವೆ, ಕೆಂಪು ಬಣ್ಣ ಮತ್ತು ಬಿಳಿ ಪುಡಿ. ಅದು ಇನ್ನೂ ನಿಖರ.

ಎರಡು ಕಡೆ ತಪ್ಪದೇ ನೋಡಿ. ಒಂದು, ನಾಲಿಗೆ ಬಡಿಯುವ ಅಂಚು. ಇನ್ನೊಂದು, ಗಂಟೆಯ ನೆತ್ತಿ, ಒಳಗಡೆಯಿಂದ. ಹಳೇ ಗಂಟೆಗಳಲ್ಲಿ ನಾಲಿಗೆ ನೇತುಹಾಕುವ ಕಬ್ಬಿಣದ ಒಳಕೊಂಡಿಯನ್ನು ಎರಕದಲ್ಲೇ ಸೇರಿಸಿಬಿಟ್ಟಿರುತ್ತಾರೆ. ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಕು. ಸುತ್ತಲಿನ ಕಂಚು ಬಗ್ಗುವುದಿಲ್ಲ, ಹಾಗಾಗಿ ನೆತ್ತಿ ಸೀಳುತ್ತದೆ. ಕೊಂಡಿಯ ಬುಡದಿಂದ ನಕ್ಷತ್ರದ ಹಾಗೆ ಗೆರೆಗಳು ಹೊರಟಿದ್ದರೆ, ಕೆಂಪು ತುಕ್ಕು ಇಳಿದ ಕಲೆ ಇದ್ದರೆ, ಇದೇ ರೋಗ. ಗಂಟೆ ಹೊಡೆಯದೆ ಸುಮ್ಮನಿದ್ದರೂ ಇದು ಬೆಳೆಯುತ್ತದೆ. ಮುಂದಕ್ಕೆ ಹಾಕುವಂತಿಲ್ಲ.

ಬಿರುಕು ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗ ಏನು ಮಾಡಬಾರದು ಅನ್ನುವುದು ಮೊದಲು. ಊರಿನ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ. ಗ್ಯಾಸ್ ಇರಲಿ, ಆರ್ಕ್ ಇರಲಿ, ಒಂದು ಜಾಗ ಮಾತ್ರ ಕಾದರೆ ಪಕ್ಕದ ತಣ್ಣಗಿನ ಕಂಚು ಎಳೆತ ತಾಳದೆ ಬೇರೆ ಕಡೆ ಬಿಡುತ್ತದೆ. ನನ್ನ ಕಣ್ಣೆದುರೇ ಒಂದು ಗಂಟೆ ಹೀಗಾಯಿತು. ವೆಲ್ಡಿಂಗ್ ಮುಗಿದು ಹತ್ತು ನಿಮಿಷಕ್ಕೆ, ಯಾರೂ ಮುಟ್ಟದೆ ಇದ್ದಾಗ, ಟಣ್ ಅಂತ ಒಂದೇ ಒಂದು ಸದ್ದು ಬಂತು. ನಾಲ್ಕು ಬೆರಳಿನ ಬಿರುಕು ಮೊಳದುದ್ದ ಆಗಿತ್ತು. ಬೇಡ ಅಂತ ಜೋರಾಗಿ ಹೇಳದೆ ಪಕ್ಕದಲ್ಲಿ ನಿಂತಿದ್ದೆನಲ್ಲ ಅನ್ನುವ ಸಂಕಟ ಇವತ್ತಿಗೂ ಇದೆ.

ಬಿರುಕಿನ ಗಂಟೆಯನ್ನು ಬೆಸೆಯಲು ಸಾಧ್ಯವೇ ಇಲ್ಲ ಅಂತಲ್ಲ. ಇಡೀ ಗಂಟೆಯನ್ನು ಕುಲುಮೆಯಲ್ಲಿ ನೂರಾರು ಡಿಗ್ರಿಗೆ ಸಮನಾಗಿ ಕಾಯಿಸಿ, ಅದೇ ಬಿಸಿಯಲ್ಲಿ ಅದೇ ಲೋಹದಿಂದ ಬೆಸೆದು, ದಿನಗಟ್ಟಲೆ ಮೆಲ್ಲಗೆ ಆರಿಸಬೇಕು. ಜರ್ಮನಿಯ ನೋರ್ಡ್ಲಿಂಗನ್ ಊರಿನಲ್ಲಿ ಇದನ್ನೇ ಕಸುಬಾಗಿ ಮಾಡುವವರಿದ್ದಾರೆ. ಕಳಿಸುವಷ್ಟು ಬೆಲೆಬಾಳುವ ಗಂಟೆಯಾದರೆ ವಿಚಾರಿಸಿ. ಇಲ್ಲದಿದ್ದರೆ ಅದನ್ನು ಚರ್ಚಿನೊಳಗೆ ಗೌರವವಾಗಿ ಇಟ್ಟು, ಹೊಸದನ್ನು ಹಾಕಿ.

ಬಿರುಕಿನ ತುದಿಗೆ ತೂತು ಕೊರೆದರೆ ಅದು ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ. ಅಮೆರಿಕದ ಲಿಬರ್ಟಿ ಬೆಲ್‌ಗೆ 1846ರಲ್ಲಿ ಬಿರುಕನ್ನು ಅಗಲ ಮಾಡಿ ಕೊರೆದು ನೋಡಿದರು, ಹೊಡೆದಾಗ ಇನ್ನೊಂದು ಬಿರುಕು ಮುಂದಕ್ಕೆ ಹೋಯಿತು. ಲಂಡನ್ನಿನ ಬಿಗ್ ಬೆನ್ 1859ರಲ್ಲಿ ಸೀಳಿದಾಗ ಬೇರೆ ದಾರಿ ಹಿಡಿದರು: ಗಂಟೆ ತಿರುಗಿಸಿ ಬೇರೆ ಜಾಗದಲ್ಲಿ ಬಡಿಯುವ ಹಾಗೆ ಮಾಡಿದರು, ಸುತ್ತಿಗೆಯ ತೂಕ ಇಳಿಸಿದರು. ಅದು ಇವತ್ತಿಗೂ ನುಡಿಯುತ್ತಿದೆ. ಸಣ್ಣ ಬಿರುಕಿಗೆ ನಾನೂ ಮೊದಲು ಇದನ್ನೇ ಹೇಳುತ್ತೇನೆ. ತಿರುಗಿಸಿ, ಹಗುರ ಬಡಿತ ಮಾಡಿ, ತಿಂಗಳಿಗೊಮ್ಮೆ ಬಿರುಕಿನ ತುದಿಗೆ ಗುರುತು ಹಾಕಿ ನೋಡಿ.

## 6. ಸುತ್ತಲಿನ ಕಬ್ಬಿಣ, ಮರ

ಗಂಟೆ ಚೆನ್ನಾಗಿದೆ ಅಂತ ಗೊತ್ತಾಯಿತು. ಈಗ ನಿಜವಾದ ರೋಗಿಯ ಕಡೆ ಬನ್ನಿ.

ಗಂಟೆ ನೇತಾಡುವ ಅಡ್ಡತೊಲೆಯನ್ನು ನಾನು ನೊಗ ಅಂತ ಕರೆಯುತ್ತೇನೆ. ಅದರ ಎರಡು ತುದಿಯ ಕಬ್ಬಿಣದ ಅಚ್ಚು ಬೇರಿಂಗಿನ ಮೇಲೆ ಕೂತಿರುತ್ತದೆ. ನೊಗ ಮರದ್ದಾದರೆ ಬೋಲ್ಟಿನ ತೂತಿನ ಸುತ್ತ ಚುಚ್ಚಿ ನೋಡಿ, ನೀರು ಇಳಿಯುವುದು ಅಲ್ಲೇ. ಬೋಲ್ಟಿನ ಹೊರಗಡೆ ಗಟ್ಟಿ ಕಂಡರೂ ಮರದೊಳಗಿನ ಭಾಗ ಪೆನ್ಸಿಲಿನಷ್ಟು ಸವೆದಿರಬಹುದು. ಒಂದೊಂದೇ ಬಿಚ್ಚಿ ನೋಡದೆ ನಂಬಬೇಡಿ. ಆದರೆ ಗಂಟೆಗೆ ಬೇರೆ ಆಸರೆ ಕೊಟ್ಟ ಮೇಲೇ ಬಿಚ್ಚಿ.

ಗಂಟೆ ಎಷ್ಟು ತೂಗಾಡುತ್ತದೆ ಅನ್ನುವುದು ಗೋಪುರಕ್ಕೂ ಮುಖ್ಯ. ಇಂಗ್ಲೆಂಡಿನ ಹಾಗೆ ಪೂರ್ತಿ ತಲೆಕೆಳಗಾಗುವ ತನಕ ತೂಗಿದರೆ ಚೌಕಟ್ಟಿನ ಮೇಲೆ ಗಂಟೆಯ ತೂಕದ ನಾಲ್ಕರಷ್ಟು ಭಾರ ಬೀಳುತ್ತದೆ. ನಮ್ಮ ಕಡೆ ಅಷ್ಟು ತೂಗುವುದಿಲ್ಲ, ಸ್ವಲ್ಪವೇ ಆಡುತ್ತದೆ ಅಥವಾ ನಿಂತೇ ಇರುತ್ತದೆ. ಆದರೂ ಚೌಕಟ್ಟು ಸಡಿಲವಿದ್ದರೆ ಆ ಸ್ವಲ್ಪವೇ ಗೋಡೆ ಗುದ್ದುತ್ತಾ ಹೋಗುತ್ತದೆ. ತೊಲೆ ಗೋಡೆಗೆ ಸೇರುವ ಕಡೆ ಹೊಸ ಪುಡಿ ಉದುರಿದ್ದರೆ ಅದೇ ಎಚ್ಚರಿಕೆ. ಹಳೇ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ಸಿಮೆಂಟ್ ಗಟ್ಟಿ, ಗಾರೆ ಮೆದು, ಎರಡು ಮಳೆಗಾಲದಲ್ಲಿ ಬೇರೆಬೇರೆ ಆಗುತ್ತವೆ. ಸುಣ್ಣದ ಗಾರೆಯಲ್ಲೇ ತುಂಬಿಸಿ.

## 7. ಇಳಿಸುವುದು, ಬೇಕಾದರೆ ಮಾತ್ರ

ನಾಲಿಗೆ, ಬೇರಿಂಗ್, ಹಗ್ಗ ಇವೆಲ್ಲ ಮೇಲೆಯೇ ಆಗುವ ಕೆಲಸ. ಒಳಕೊಂಡಿ ಕತ್ತರಿಸಬೇಕು, ನೊಗ ಬದಲಾಗಬೇಕು ಅಂತಿದ್ದರೆ ಮಾತ್ರ ಇಳಿಸಿ.

ಇಳಿಸುವ ಮುಂಚೆ ಗೋಪುರದ ಮಹಡಿಯಲ್ಲಿರುವ ಕಳ್ಳಬಾಗಿಲು ಅಳೆಯಿರಿ. ಗಂಟೆ ಏರಿಸಿದ ಮೇಲೆ ಮಹಡಿ ಹಾಕಿದ ಗೋಪುರಗಳಿವೆ, ಗಂಟೆಯ ಬಾಯಿ ಅದರಲ್ಲಿ ಹಿಡಿಸುವುದೇ ಇಲ್ಲ. ಅರ್ಧ ಇಳಿಸಿ ಸಿಕ್ಕಿಕೊಂಡರೆ ಅವತ್ತಿನ ರಾತ್ರಿ ಯಾರಿಗೂ ನಿದ್ದೆ ಇಲ್ಲ.

ಚೈನ್ ಬ್ಲಾಕನ್ನು (ಭಾರ ಎತ್ತುವ ಸರಪಳಿ ರಾಟೆ) ಹಳೇ ಚೌಕಟ್ಟಿಗೆ ನೇತುಹಾಕಬೇಡಿ. ಎರಡೂ ಗೋಡೆಯ ಮೇಲೆ ಹಲಗೆ ಇಟ್ಟು ಹೊಸ ಉಕ್ಕಿನ ತೊಲೆ ಕೂರಿಸಿ ಅದಕ್ಕೆ ಹಾಕಿ. 250 ಕಿಲೋ ಗಂಟೆಗೆ ಒಂದು ಟನ್ ಚೈನ್ ಬ್ಲಾಕ್ ಹೆಚ್ಚಲ್ಲ. ಮೊದಲು ನಾಲಿಗೆ ಬಿಚ್ಚಿ ತೆಗೆಯಿರಿ. ನೊಗದ ಸಮೇತ ಎತ್ತಿ, ನೊಗಕ್ಕೆ ಎರಡು ಪಟ್ಟಿ, ಗಂಟೆಯ ತಲೆಯ ಮೇಲಿನ ಕಿವಿಗಳಿಗೆ ಕಾವಲಿಗೆ ಇನ್ನೊಂದು. ಕಿವಿಗಳೂ ಕಂಚಿನವೇ, ಬಿರುಕಿದ್ದರೆ ಅದಕ್ಕೆ ಭಾರ ಬಿಡಬೇಡಿ. ಒಂದು ಇಂಚು ಎತ್ತಿ ಐದು ನಿಮಿಷ ಹಾಗೇ ಬಿಡಿ. ಏನೂ ಕಿರುಗುಟ್ಟದಿದ್ದರೆ ಮುಂದುವರಿಯಿರಿ. ಕೆಳಗೆ ಯಾರೂ ನಿಲ್ಲಕೂಡದು, ಫೋಟೋ ತೆಗೆಯುವವರೂ.

ಈ ಕೆಲಸಕ್ಕೆ ಕೆಜಿಎಫ್ ಕಡೆ ಹುಡುಕಿ. ಗಣಿ 2001ರಲ್ಲಿ ಮುಚ್ಚಿದರೂ ಶಾಫ್ಟಿನಲ್ಲಿ ಹಗ್ಗ, ಚೈನ್ ಹಿಡಿದು ಪಳಗಿದವರು, ಅವರ ಕೈಕೆಳಗೆ ಕಲಿತ ಹುಡುಗರು ಇದ್ದಾರೆ. ಭಾರ ಎತ್ತುವಾಗ ಅವರು ಮಾತಾಡುವುದು ಕಡಿಮೆ, ಒಬ್ಬರ ಸನ್ನೆಗೆ ಮಾತ್ರ ಎಲ್ಲರೂ ನಡೆಯುತ್ತಾರೆ. ನೀವೂ ಹಾಗೇ ಮಾಡಿ.

ಕೆಳಗೆ ಹಳೇ ಟೈರು, ಅದರ ಮೇಲೆ ಮರದ ಸ್ಲೀಪರ್ ಹಾಕಿ ಬಾಯಿ ಕೆಳಗಾಗಿ ಕೂರಿಸಿ. ಕಲ್ಲಿನ ಮೇಲೆ ಬೇಡ, ಅಂಚಿನ ಮೇಲೆ ಒರಗಿಸುವುದೂ ಬೇಡ. ಹೊರಗೆ ಕಳಿಸುವುದಿದ್ದರೆ ಹೋಗುವಾಗ, ಬರುವಾಗ ಎರಡು ಸಲವೂ ವೇಬ್ರಿಡ್ಜಿನಲ್ಲಿ ತೂಕ ಹಾಕಿಸಿ ಚೀಟಿ ಇಟ್ಟುಕೊಳ್ಳಿ. ಕಂಚಿಗೆ ಗುಜರಿಯಲ್ಲಿ ಒಳ್ಳೇ ಬೆಲೆ ಇದೆ ಅನ್ನುವುದು ಎಲ್ಲರಿಗೂ ಗೊತ್ತು.

## 8. ತೊಳೆಯುವುದು

ಇದು ಚಿಕ್ಕ ಹಂತ, ಚಿಕ್ಕದಾಗಿಯೇ ಇರಲಿ. ನೀರು, ಸೌಮ್ಯವಾದ ಸೋಪು, ತೆಂಗಿನ ನಾರು. ಅಕ್ಷರದ ಸಂದಿಗೆ ಬಿದಿರು ಕಡ್ಡಿ. ತೊಳೆದು ಬಿಸಿಲಿಗೆ ಒಣಗಿಸಿ. ಮುಗಿಯಿತು.

ಹುಣಸೆಹಣ್ಣು, ಪೀತಾಂಬರಿ, ಆಸಿಡ್, ತಂತಿ ಬ್ರಷ್, ಗ್ರೈಂಡರ್, ಮರಳು ಊದುವ ಯಂತ್ರ ಯಾವುದೂ ಬೇಡ. ಮನೆಯ ಕಂಚಿನ ತಟ್ಟೆ ಹೊಳೆಯಲೇಬೇಕು, ಸರಿ. ಆದರೆ ಗಂಟೆಯ ಮೇಲಿನ ಕಂದು ಹಸಿರು ಪದರ ಕೊಳೆ ಅಲ್ಲ, ಅದರ ಚರ್ಮ. ಅದನ್ನು ಕೆರೆದರೆ ಕೆಳಗಿನ ಲೋಹ ಹೊಸದಾಗಿ ಕರಗಲು ಶುರು, ಅಕ್ಷರಗಳು ಮೊಂಡಾಗುತ್ತವೆ. ಯಾರೋ ಸಿಲ್ವರ್ ಪೇಂಟ್ ಹೊಡೆದಿದ್ದರೆ ಪೇಂಟ್ ರಿಮೂವರ್ ಹಚ್ಚಿ ಮರದ ಚಕ್ಕೆಯಲ್ಲಿ ಮೆಲ್ಲಗೆ ತೆಗೆಯಿರಿ. ದಪ್ಪ ಪೇಂಟು ನಾದವನ್ನು ನುಂಗುತ್ತದೆ.

## 9. ನಾಲಿಗೆ ಮತ್ತು ಒಳಕೊಂಡಿ

ನನ್ನನ್ನು ಕೇಳಿದರೆ ಇಡೀ ಕೆಲಸದ ಅರ್ಧ ಇಲ್ಲಿದೆ. ನಾಲಿಗೆ ಗಂಟೆಗಿಂತ ಮೆದು ಇರಬೇಕು. ಸವೆಯಬೇಕಾದದ್ದು ನಾಲಿಗೆ, ಗಂಟೆ ಅಲ್ಲ. ಹಳೇ ನಾಲಿಗೆ ಕಳೆದುಹೋದಾಗ ಟ್ರ್ಯಾಕ್ಟರ್ ಆಕ್ಸಲಿನ ತುಂಡು, ರೈಲು ಕಂಬಿಯ ತುಂಡು ಹಾಕಿರುವುದನ್ನು ನೋಡಿದ್ದೇನೆ. ಎರಡೂ ಗಡಸು ಉಕ್ಕು. ಒಂದೇ ವರ್ಷದಲ್ಲಿ ಅಂಚಿನಲ್ಲಿ ಹಳ್ಳ ಬೀಳುತ್ತದೆ.

ಕಮ್ಮಾರರ ಹತ್ತಿರ ಸಾದಾ ಮೈಲ್ಡ್ ಸ್ಟೀಲಿನಲ್ಲಿ ಬಡಿಸಿ. "ಹದ ಹಾಕಬೇಡಿ, ನೀರಿಗೆ ಅದ್ದಬೇಡಿ, ಬೂದಿಯಲ್ಲಿ ಹೂತು ತಾನಾಗಿ ಆರಲಿ" ಅಂತ ಮೊದಲೇ ಹೇಳಿ. ಕುಡುಗೋಲು, ಗುದ್ದಲಿಗೆ ಹದ ಹಾಕಿ ಅಭ್ಯಾಸವಾದ ಕೈ, ಹೇಳದಿದ್ದರೆ ತಾನಾಗಿ ನೀರಿನ ಕಡೆ ಹೋಗುತ್ತದೆ. ತೂಕ ಗಂಟೆಯ ನೂರಕ್ಕೆ ಮೂರರಿಂದ ಐದರಷ್ಟು. 250 ಕಿಲೋ ಗಂಟೆಗೆ ಸುಮಾರು ಹತ್ತು ಕಿಲೋ. ಜೋರು ಸದ್ದು ಬೇಕು ಅಂತ ಇಪ್ಪತ್ತು ಕಿಲೋ ಹಾಕಿಸಿದರೆ ಜೋರೂ ಬರುವುದಿಲ್ಲ, ಗಂಟೆಯೂ ಉಳಿಯುವುದಿಲ್ಲ.

ಉದ್ದ ಇನ್ನೂ ಮುಖ್ಯ. ನಾಲಿಗೆಯ ಗುಂಡು ಗಂಟೆಯ ಅತಿ ದಪ್ಪ ಅಂಚಿಗೇ ಬಡಿಯಬೇಕು. ಮೇಲೆ ಬಡಿದರೆ ತೆಳು ಗೋಡೆಗೆ ಏಟು, ಕೆಳಗೆ ಬಡಿದರೆ ಬಾಯಿಯಂಚು ಚಕ್ಕೆ ಏಳುತ್ತದೆ. ಗುಂಡಿಗೆ ಸೀಮೆಸುಣ್ಣ ಬಳಿದು ಕೈಯಲ್ಲಿ ಮೆಲ್ಲಗೆ ತಾಗಿಸಿ ನೋಡಿ, ಬಿಳಿ ಗುರುತು ಎಲ್ಲಿ ಬಿತ್ತು ಅಂತ. ಎರಡೂ ಕಡೆ ಒಂದೇ ಮಟ್ಟದಲ್ಲಿ ಬೀಳಬೇಕು.

ಅಂಚು ಎಷ್ಟು ಸವೆದಿದೆ ಅಂತ ಕ್ಯಾಲಿಪರಿನಲ್ಲಿ ಅಳೆಯಿರಿ. ದಪ್ಪ ಸಾಮಾನ್ಯವಾಗಿ ಬಾಯಗಲದ ಹದಿಮೂರನೇ ಒಂದು ಭಾಗದ ಹತ್ತಿರ ಇರುತ್ತದೆ, 75 ಸೆಂಟಿಮೀಟರಿಗೆ 58 ಮಿಲಿಮೀಟರ್ ಆಸುಪಾಸು. ಬಡಿದ ಜಾಗ ಉಳಿದ ಕಡೆಗಿಂತ ಹತ್ತನೇ ಒಂದು ಭಾಗ ಸವೆದಿದ್ದರೆ ಗಂಟೆಯನ್ನು ಕಾಲು ಸುತ್ತು ತಿರುಗಿಸಿ ಹಾಕಿ. ಸವೆಯದ ಅಂಚು ಸಿಗುತ್ತದೆ, ಇನ್ನೊಂದು ಆಯಸ್ಸು ಸಿಕ್ಕ ಹಾಗೆ.

ಎರಕದ ಒಳಕೊಂಡಿಯನ್ನು ತೆಗೆಯುವುದು ಮಾತ್ರ ಅನುಭವಿ ಮೆಷಿನಿಸ್ಟ್ ಕೆಲಸ. ಉಳಿ ಸುತ್ತಿಗೆ ಹಿಡಿದು ಬಡಿಯಬಾರದು. ನೆತ್ತಿಯ ನಡುವೆ ಪೊಳ್ಳು ಡ್ರಿಲ್ಲಿನಿಂದ ತಣ್ಣಗಿಡುತ್ತಾ ಕೊರೆದು ಕಬ್ಬಿಣ ಪೂರ್ತಿ ತೆಗೆಯಬೇಕು. ಅಯಸ್ಕಾಂತದ ಡ್ರಿಲ್ ಕಂಚಿಗೆ ಅಂಟುವುದಿಲ್ಲ, ಹಾಗಾಗಿ ಅದನ್ನು ಹಿಡಿಯಲು ಮೊದಲೇ ಒಂದು ಚೌಕಟ್ಟು ಮಾಡಿಸಿಡಿ. ಆ ತೂತಿನಲ್ಲಿ ನೊಗದವರೆಗೆ ಹೋಗುವ ಹೊಸ ಬೋಲ್ಟಿನ ಕೊಂಡಿ ಹಾಕಿದರೆ, ಮುಂದೆ ತುಕ್ಕು ಹಿಡಿದಾಗ ಬಿಚ್ಚಿ ಬದಲಿಸಬಹುದು.

## 10. ಮತ್ತೆ ನೇತುಹಾಕುವುದು

ನೊಗಕ್ಕೆ ಹೊಸ ಮರ ಬೇಕಾದರೆ ಒಣಗಿದ ತೇಗ ಅಥವಾ ಹೊನ್ನೆ. ಹಸಿ ಮರ ಹಾಕಿದರೆ ಬೇಸಿಗೆಯಲ್ಲಿ ಕುಗ್ಗಿ ಬೋಲ್ಟು ಸಡಿಲವಾಗುತ್ತದೆ. ಗಂಟೆಯ ನೆತ್ತಿಗೂ ನೊಗಕ್ಕೂ ನಡುವೆ ಗಟ್ಟಿಮರದ ತೆಳು ಹಲಗೆ ಕೂರಿಸಿ, ಕಬ್ಬಿಣ ನೇರವಾಗಿ ಕಂಚಿಗೆ ತಾಗಬಾರದು. ಎರಡು ಲೋಹ ಸೇರಿ ಮಳೆನೀರು ಬಿದ್ದರೆ ಕಬ್ಬಿಣ ಬೇಗ ತಿಂದುಹೋಗುತ್ತದೆ. ಬೋಲ್ಟು ಸ್ಟೇನ್‌ಲೆಸ್ ಆದರೆ ಒಳ್ಳೆಯದು.

ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜಗ್ಗುವುದು ಬೇಡ, ಕಿವಿ ಮುರಿಯುವುದು ಹಾಗೇ. ಬಾಯಿಗೆ ಕೆಳಗಿನಿಂದ ಮಟ್ಟದ ಗಾಜು (ಸ್ಪಿರಿಟ್ ಲೆವೆಲ್) ಹಿಡಿದು ಎರಡೂ ದಿಕ್ಕಿಗೆ ಸಮ ಇದೆಯಾ ನೋಡಿ. ಬೇರಿಂಗಿಗೆ ಸ್ವಲ್ಪ ಓರೆಯನ್ನೂ ತಾಳುವ, ಮುಚ್ಚಿದ ಬಾಲ್ ಬೇರಿಂಗ್ ಹಾಕಬಹುದು. ಹಳೇ ಹಿತ್ತಾಳೆ ಬುಷ್‌ಗಳನ್ನು ಬಿಸಾಕದೆ ಹೆಸರು ಬರೆದ ಚೀಲದಲ್ಲಿ ಗೋಪುರದಲ್ಲೇ ಇಡಿ.

## 11. ಹಗ್ಗ, ಮತ್ತು ಹೊಡೆಯುವ ಕೈ

ನಮ್ಮ ಕಡೆ ಗಂಟೆಗಳು ಸೀಳಿರುವುದು ಜಾಸ್ತಿ ಈ ಒಂದು ಕಾರಣಕ್ಕೆ: ನಾಲಿಗೆಗೇ ಹಗ್ಗ ಕಟ್ಟಿ ಜಗ್ಗುವುದು. ನಾಲಿಗೆ ಬಡಿದ ಕೂಡಲೇ ಹಿಂದಕ್ಕೆ ಪುಟಿಯಬೇಕು. ಹಗ್ಗ ಬಿಗಿಹಿಡಿದರೆ ಅದು ಅದುರುತ್ತಿರುವ ಅಂಚಿಗೆ ಒತ್ತಿ ನಿಲ್ಲುತ್ತದೆ. ಆ ಒತ್ತಡದಲ್ಲೇ ಕಂಚು ಸೀಳುತ್ತದೆ. ತ್ರಿಕಾಲ ಪ್ರಾರ್ಥನೆಗೆ ಮೂರು ಮೂರು ಬಡಿತ ಬಿಡಿಬಿಡಿಯಾಗಿ ಹೊಡೆಯುವಾಗ, ಸಾವಿನ ಗಂಟೆ ನಿಧಾನಕ್ಕೆ ಹೊಡೆಯುವಾಗ ಈ ತಪ್ಪು ಹೆಚ್ಚು ಆಗುತ್ತದೆ, ಯಾಕಂದರೆ ಕೈ ಹಗ್ಗ ಬಿಡುವುದಿಲ್ಲ.

ತೂಗುವ ಗಂಟೆಯಾದರೆ ನೊಗಕ್ಕೆ ಹಗ್ಗ ಹಾಕಿ. ನಿಂತ ಗಂಟೆಯಾದರೆ ಹೊರಗಿನಿಂದ ಬಡಿಯುವ ಸುತ್ತಿಗೆ ಮಾಡಿಸಿ, ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇರಲಿ. ಸುಮ್ಮನಿರುವಾಗ ಸುತ್ತಿಗೆಗೂ ಗಂಟೆಗೂ ನಡುವೆ ಬೆರಳು ತೂರುವಷ್ಟು ಸಂದು ಇರಬೇಕು. ಕರೆಂಟಿನ ಸುತ್ತಿಗೆ ಹಾಕಿಸಿದರೂ ಇದೇ ನಿಯಮ.

ಹಗ್ಗಕ್ಕೆ ಕತ್ತಾಳೆ ನಾರು ಅಥವಾ ಹತ್ತಿ ಒಳ್ಳೆಯದು. ನೈಲಾನ್ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ, ಗಂಟೆಯ ಆಟ ಕೈಗೆ ಗೊತ್ತಾಗುವುದಿಲ್ಲ. ಮಹಡಿಯ ತೂತಿಗೆ ನುಣುಪಾದ ಮರದ ಬಳೆ ಹಾಕಿ, ಇಲ್ಲದಿದ್ದರೆ ಹಗ್ಗ ಅಲ್ಲೇ ಸವೆಯುತ್ತದೆ.

ಇಷ್ಟು ವರ್ಷ ಗಂಟೆ ಹೊಡೆದವರನ್ನು ಈ ಹೊತ್ತಿಗೆ ಮೇಲೆ ಕರೆದುಕೊಂಡು ಹೋಗಿ. ಎಷ್ಟೋ ಜನ ಮೂವತ್ತು ವರ್ಷ ಹಗ್ಗ ಜಗ್ಗಿಯೂ ಗಂಟೆಯನ್ನು ಹತ್ತಿರದಿಂದ ನೋಡಿರುವುದಿಲ್ಲ. ನಾಲಿಗೆ ಪುಟಿಯುವುದನ್ನು ಅವರ ಕೈಯಲ್ಲೇ ಮಾಡಿಸಿ ತೋರಿಸಿದರೆ, ಆಮೇಲೆ ಹೇಳಿಕೊಡುವುದೇನೂ ಉಳಿಯುವುದಿಲ್ಲ.

## 12. ಮೊದಲ ಬಡಿತ ಮತ್ತು ಆಮೇಲಿನ ತಿಂಗಳು

ಮೊದಲು ಮರದ ಸುತ್ತಿಗೆಯಿಂದ ಅದೇ ಎಂಟು ಕಡೆ ತಟ್ಟಿ, ಅದೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹಳೆಯದರ ಜೊತೆ ಇಟ್ಟು ಕೇಳಿ. ಆಮೇಲೆ ನಾಲಿಗೆಯಿಂದ ಐದಾರು ಬಡಿತ. ಒಬ್ಬರು ಮೇಲೆ ಚೌಕಟ್ಟಿನ ಪಕ್ಕ ಕಿವಿ ಮುಚ್ಚುವ ಮಫ್ ಹಾಕಿಕೊಂಡು ನಿಂತು ಯಾವ ನಟ್ಟು ಅಲುಗುತ್ತಿದೆ ಅಂತ ನೋಡಲಿ. ಇನ್ನೊಬ್ಬರು ಊರ ಹೊರಗೆ ಹೋಗಿ ನಿಂತು ಫೋನಿನಲ್ಲಿ ಹೇಳಲಿ. ಹತ್ತಿರದಲ್ಲಿ ಒರಟಾಗಿ ಕೇಳಿಸುವ ಗಂಟೆ ಅರ್ಧ ಮೈಲಿ ಆಚೆ ಹದವಾಗಿ ಕೇಳಿಸುತ್ತದೆ. ಗಂಟೆ ಮಾಡಿದ್ದು ಆ ದೂರಕ್ಕೆ.

ಒಂದು ವಾರಕ್ಕೆ, ಒಂದು ತಿಂಗಳಿಗೆ, ಮೊದಲ ಮಳೆಗಾಲ ಮುಗಿದ ಮೇಲೆ, ಮೂರು ಸಲ ಹತ್ತಿ ನಟ್ಟು ಬಿಗಿಯಿರಿ. ಕಿಟಕಿಗೆ ಮುಕ್ಕಾಲು ಇಂಚು ಕಣ್ಣಿನ ಬಲೆ ಹಾಕಿಸಿ, ಸದ್ದು ಹೋಗುತ್ತದೆ, ಪಾರಿವಾಳ ಬರುವುದಿಲ್ಲ. ಗೋಪುರದ ಬಾಗಿಲ ಹಿಂದೆ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿ. ಬಾಯಗಲ, ಅಂಚಿನ ದಪ್ಪ, ನಾಲಿಗೆಯ ತೂಕ, ಬೇರಿಂಗಿನ ನಂಬರು, ತಿರುಗಿಸಿದ ತಾರೀಕು ಎಲ್ಲವನ್ನೂ ಅದರಲ್ಲಿ ಬರೆಯಿರಿ. ಪೆನ್ನಿನಲ್ಲಿ ಬೇಡ, ತೇವಕ್ಕೆ ಶಾಯಿ ಹರಡುತ್ತದೆ. ಪೆನ್ಸಿಲಿನಲ್ಲಿ ಬರೆಯಿರಿ, ಆ ಪೆನ್ಸಿಲನ್ನೂ ದಾರ ಕಟ್ಟಿ ಅಲ್ಲೇ ಬಿಡಿ.